ಇದಕ್ಕಿಂತ ಉತ್ತಮವಾದದ್ದು ಸಿಕ್ಕಿದೆ

ನನ್ನ ಹೆಂಡತಿ ದಿನಕ್ಕೆ ಎರಡು ಗಂಟೆ ಬೇರೊಬ್ಬ ಗಂಡಸಿನ ಮಾತು ಕೇಳುತ್ತಾಳೆ. ಅದಕ್ಕೆ ತಿಂಗಳು ತಿಂಗಳು ದುಡ್ಡನ್ನೂ ಕೊಡುತ್ತಾಳೆ. ಇಷ್ಟು ಬಿಡಿಸಿ ಹೇಳಿದರೆ ಯಾವ ಗಂಡನಿಗಾದರೂ ಹೊಟ್ಟೆಯಲ್ಲಿ ಬೆಂಕಿ ಬೀಳಬೇಕು. ಆದರೆ ನಾನು ಯಾರಿಗೆ ಹೇಳಿದರೂ, "ಓ, ಆ ಕಥೆ ಓದೋ ಆ್ಯಪಾ? ನಮ್ಮನೇಲೂ ಕೇಳ್ತಾರೆ, ಚೆನ್ನಾಗಿ ಓದ್ತಾನಪ್ಪ" ಅನ್ನುತ್ತಾರೆ. ಅವನು ಚೆನ್ನಾಗಿ ಓದುತ್ತಾನೆ ಎನ್ನುವುದೇ ನನ್ನ ಸಂಕಟ.

ಯಾಕೆಂದರೆ ನನ್ನ ಉದ್ಯೋಗವೂ ದನಿಯದ್ದೇ. ಇಪ್ಪತ್ತೊಂಬತ್ತು ವರ್ಷದಿಂದ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತಿದ್ದೇನೆ. ಬೆಳಗಿನ ಐದರಿಂದ ಮಧ್ಯಾಹ್ನ ಎರಡರವರೆಗೆ ಒಂದು ಗಾಜಿನ ಕೋಣೆ, ಒಂದು ಕುರ್ಚಿ, ಕಿರುಗುಟ್ಟುವ ಒಂದು ಫ್ಯಾನು, ಹೊರಡುವ ಬಸ್ಸುಗಳ ಪಟ್ಟಿ. ಪ್ರತಿಯೊಂದನ್ನೂ ಮೂರು ಸಲ ಹೇಳಬೇಕು. ಮೊದಲನೆಯದು ಎಚ್ಚರಿಸಲಿಕ್ಕೆ, ಎರಡನೆಯದು ಕೇಳಿಸಲಿಕ್ಕೆ, ಮೂರನೆಯದು ಆಮೇಲೆ ಜಗಳಕ್ಕೆ ಬರುವವರ ಬಾಯಿ ಮುಚ್ಚಿಸಲಿಕ್ಕೆ ಎಂದು ನನಗೆ ಕೆಲಸ ಕಲಿಸಿದ ಹಿರಿಯರು ಹೇಳುತ್ತಿದ್ದರು. ಅವರೇ ಇನ್ನೊಂದು ಪಾಠವನ್ನೂ ಹೇಳಿಕೊಟ್ಟಿದ್ದರು: "ದನಿ ನಿನ್ನ ಬಂಡವಾಳ ಕಣೋ. ಮನೇಲಿ ಪೋಲು ಮಾಡಬೇಡ."

ಆ ಮಾತನ್ನು ನಾನು ಅಕ್ಷರಶಃ ಪಾಲಿಸಿದೆ. ಮನೆಯ ಹೊಸ್ತಿಲು ದಾಟಿದ ಕೂಡಲೇ ಬಾಯಿಗೆ ಬೀಗ. ಉಗುರುಬೆಚ್ಚಗಿನ ನೀರು ಕುಡಿದು, ಕುತ್ತಿಗೆಗೊಂದು ಪಂಚೆ ಸುತ್ತಿಕೊಂಡು ಕೂತರೆ ಮುಗಿಯಿತು. ಲೋಟ ಒಂದು ಸಲ ತಟ್ಟಿದರೆ ನೀರು, ಎರಡು ಸಲ ತಟ್ಟಿದರೆ ಊಟ, ಮೂರು ಸಲ ತಟ್ಟಿದರೆ ಸಾಕು. ಇಷ್ಟರಲ್ಲೇ ನಮ್ಮ ಸಂಸಾರ ನಡೆದುಹೋಗಿತ್ತು. ಊರಿಗೆ ಉಪಕಾರಿ, ಮನೆಗೆ ಮಾರಿ ಅಂತ ನನ್ನ ಅತ್ತೆ ಒಮ್ಮೆ ನನ್ನೆದುರೇ ಅಂದಿದ್ದರು. ಮಾತು ಬೆಳ್ಳಿ, ಮೌನ ಬಂಗಾರ ಎಂದು ನಾನು ಮನಸ್ಸಿನಲ್ಲೇ ಉತ್ತರ ಕೊಟ್ಟುಕೊಂಡೆ. ಜೋರಾಗಿ ಹೇಳಿದರೆ ದನಿ ಖರ್ಚಾಗುತ್ತಿತ್ತಲ್ಲ.

ನನ್ನ ಹೆಂಡತಿ ಮನೆಯಲ್ಲೇ ಬಟ್ಟೆ ಸರಿಪಡಿಸುವ ಕೆಲಸ ಮಾಡುತ್ತಾಳೆ. ಪ್ಯಾಂಟಿನ ಉದ್ದ ಇಳಿಸುವುದು, ಜಿಪ್ ಬದಲಾಯಿಸುವುದು, ದಪ್ಪಗಾದವರಿಗೆ ಹೊಲಿಗೆ ಬಿಚ್ಚಿಕೊಡುವುದು. ಮದುವೆಗೆ ಮುಂಚೆ ಹೊಲಿಗೆ ಶಾಲೆಗೆ ಹೋಗಲು ನಮ್ಮ ನಿಲ್ದಾಣಕ್ಕೆ ಬರುತ್ತಿದ್ದಳು. ನಿಮ್ಮ ದನಿ ಕೇಳಬೇಕೆಂದೇ ಎರಡು ಬಸ್ಸು ಬಿಟ್ಟು ಮೂರನೆಯದಕ್ಕೆ ಹತ್ತುತ್ತಿದ್ದೆ ಎಂದು ಮದುವೆಯಾದ ಹೊಸದರಲ್ಲಿ ಅವಳೇ ಹೇಳಿದ್ದಳು. ಅಂಥವಳು ಈಗ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಹೊಲಿಗೆ ಮಿಷನ್ ಮುಂದೆ ಕೂತು ಒಬ್ಬಳೇ ನಗುತ್ತಿದ್ದಳು. ಒಂದು ದಿನ "ಅಯ್ಯೋ, ಹಾಗೆ ಮಾಡಬಾರದಿತ್ತು ಕಣಪ್ಪ" ಎಂದು ಅವನಿಗೆ ಉತ್ತರವನ್ನೂ ಕೊಟ್ಟಳು. ನಾನು ಎದುರಿಗೇ ಕೂತಿದ್ದೆ, ಎರಡು ಸಲ ಲೋಟ ತಟ್ಟಿದ್ದೆ. ಅವಳಿಗೆ ಕೇಳಿಸಿರಲಿಲ್ಲ.

ಮರುದಿನ ಅವಳು ಒಗೆದ ಬಟ್ಟೆ ಹರವಲು ಮಹಡಿಗೆ ಹೋದಾಗ ಫೋನ್ ಎತ್ತಿಕೊಂಡೆ. ಅದಕ್ಕೆ ಬೀಗವೇ ಇಲ್ಲ, ಮುಚ್ಚಿಡುವುದೇನೂ ಇಲ್ಲದವಳ ಫೋನು. ಇಯರ್‌ಫೋನ್ ಸಿಕ್ಕಿಸಿ ಬಟನ್ ಒತ್ತಿದೆ.

"ಬಂದ್ರಾ? ಬನ್ನಿ, ಕೂತ್ಕೊಳ್ಳಿ. ನಿನ್ನೆ ಎಲ್ಲಿಗೆ ನಿಲ್ಲಿಸಿದ್ವಿ?"

ಬಡ್ಡಿಮಗ! ನನ್ನ ಮನೆಯಲ್ಲಿ ನನ್ನ ಹೆಂಡತಿಗೆ ಕೂತ್ಕೋ ಅನ್ನಲು ಇವನ್ಯಾರು? ಗಂಟಲಲ್ಲಿ ಗಟ್ಟಿತನವಿಲ್ಲ, ವಾಕ್ಯದ ಕೊನೆಗೆ ಉಸಿರು ಬಿಡುತ್ತಾನೆ, ನಿಲ್ದಾಣದಲ್ಲಿ ಕೂರಿಸಿದರೆ ಒಂದು ಬಸ್ಸೂ ತುಂಬುವುದಿಲ್ಲ. ಹೀಗೆಲ್ಲ ಅಂದುಕೊಂಡೇ ಹದಿನೈದು ನಿಮಿಷ ಕೇಳಿದೆ. ಅವಳು ಮೆಟ್ಟಿಲಿಳಿಯುವ ಸದ್ದಾದಾಗ ಅವನ ಆ್ಯಪಿನ ಚಿತ್ರವನ್ನು ಒತ್ತಿ ಹಿಡಿದು, ಅಳಿಸು ಎಂದು ಬಂದದ್ದನ್ನು ಮುಟ್ಟಿದೆ. ಚಿತ್ರ ಮಾಯವಾಯಿತು. ಪೀಡೆ ತೊಲಗಿತು ಎಂದು ಆ ದಿನ ಎರಡು ತುತ್ತು ಹೆಚ್ಚೇ ಉಂಡೆ.

ಸಂಜೆ ಅವಳು ಬಟ್ಟೆಗೆ ಪಿನ್ ಚುಚ್ಚುತ್ತಾ ಹೇಳಿದಳು. "ಇವತ್ತು ಏನಾಯ್ತು ಗೊತ್ತಾ? ಆ್ಯಪೇ ಕಾಣ್ತಿರಲಿಲ್ಲ. ಮತ್ತೆ ಹಾಕ್ಕೊಂಡೆ. ನೋಡಿ, ನಿಲ್ಲಿಸಿದ ಜಾಗದಲ್ಲೇ ಕಾಯ್ತಾ ಇದ್ದ, ಪಾಪ."

ನಾನು ಲೋಟವನ್ನು ಮೂರು ಸಲ ತಟ್ಟಿದೆ.

ನಮ್ಮ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಒಬ್ಬಾಕೆ ಇದ್ದಾಳೆ. ಯಾರು ಬಂದರೂ ಚಿಲ್ಲರೆ ಕೊಡಿ ಅನ್ನುವುದರಿಂದ ಅವಳು ಚಿಲ್ಲರಮ್ಮ. ನಾನು ಅವಳ ಬಾಯಲ್ಲಿ ಮೈಕಣ್ಣ. ಫೋನಿನ ವಿಷಯದಲ್ಲಿ ಅವಳಿಗೆ ಗೊತ್ತಿಲ್ಲದ್ದಿಲ್ಲ.

"ಆ್ಯಪ್ ಅಳಿಸಿದ್ರೆ ಏನೂ ಆಗಲ್ಲ ಮೈಕಣ್ಣ," ಎಂದು ನಕ್ಕಳು. "ಮನೆಗೆ ಬಂದ ಪೇಪರ್ ಹರಿದು ಹಾಕಿದ್ರೆ ನಾಳೆ ಪೇಪರ್ ಬರದೇ ಇರುತ್ತಾ? ಚಂದಾ ನಿಲ್ಲಿಸಬೇಕು. ಆ್ಯಪ್ ಸ್ಟೋರಿಗೆ ಹೋಗಿ, ಮೇಲ್ಗಡೆ ಮೂಲೇಲಿ ಇರೋ ಫೋಟೋ ಒತ್ತಿ. ಅಲ್ಲಿ ಸಬ್‌ಸ್ಕ್ರಿಪ್ಷನ್ ಅಂತ ಇರುತ್ತೆ. ಅದರೊಳಗೆ ಯಾವುದು ಬೇಡವೋ ಅದನ್ನ ಮುಟ್ಟಿ ಕ್ಯಾನ್ಸಲ್ ಮಾಡಿ. ಅಂದಹಾಗೆ ಯಾರ ಫೋನು?"

"ನಂದೇ."

"ನಿಮ್ಮದು ಗುಂಡಿ ಒತ್ತೋ ಫೋನಲ್ವಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಹತ್ತು ಗಂಟೆಯ ಬಸ್ಸಿನ ನೆಪ ಹೇಳಿ ಗಾಜಿನ ಕೋಣೆಗೆ ಓಡಿದೆ.

ಮರುದಿನ ಮಧ್ಯಾಹ್ನ ಅವಳು ದಾರದುಂಡೆ ತರಲು ಅಂಗಡಿಗೆ ಹೋಗಿದ್ದಳು, ಫೋನು ಚಾರ್ಜಿಗಿತ್ತು. ಚಿಲ್ಲರಮ್ಮ ಹೇಳಿದಂತೆಯೇ ಒಂದೊಂದಾಗಿ ಒತ್ತುತ್ತಾ ಹೋದೆ. ಸಿಕ್ಕಿಬಿದ್ದ! ಕ್ಯಾನ್ಸಲ್ ಮುಟ್ಟಿದೆ. ಅಷ್ಟಕ್ಕೇ ಅವನು ಬಿಡಲಿಲ್ಲ. "ಹೋಗಬೇಡಿ, ಮುಂದಿನ ಮೂರು ತಿಂಗಳು ಅರ್ಧ ಬೆಲೆ" ಎಂದು ತೋರಿಸಿದ. ನನ್ನ ಹೆಂಡತಿಯ ಕಿವಿಯಲ್ಲಿರಲು ತನ್ನ ಬೆಲೆಯನ್ನೇ ಇಳಿಸಿಕೊಳ್ಳುವ ನಾಚಿಕೆಗೇಡಿ. ಬೇಡ ಎಂದೆ. "ಯಾಕೆ ಹೋಗುತ್ತಿದ್ದೀರಿ?" ಎಂದು ಕೇಳಿ ಕೆಳಗೆ ನಾಲ್ಕು ಉತ್ತರ ಕೊಟ್ಟಿದ್ದ. ದುಬಾರಿಯಾಯಿತು. ಸಮಯ ಸಿಗುತ್ತಿಲ್ಲ. ಕಥೆಗಳು ಇಷ್ಟವಾಗಲಿಲ್ಲ. ಇದಕ್ಕಿಂತ ಉತ್ತಮವಾದದ್ದು ಸಿಕ್ಕಿದೆ.

ನಾನು ಬೇಕೆಂದೇ ಕೊನೆಯದನ್ನು ಒತ್ತಿದೆ. ಅವನಿಗೂ ಸ್ವಲ್ಪ ಉರಿಯಲಿ ಎಂದು.

"ನಿಮ್ಮ ಚಂದಾ ರದ್ದಾಗಿದೆ" ಎಂದು ಬಂತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, "ಈಗಾಗಲೇ ಹಣ ಪಾವತಿಸಿರುವುದರಿಂದ ಇಪ್ಪತ್ತನೇ ತಾರೀಖಿನವರೆಗೆ ಕೇಳಬಹುದು." ಅಂದು ಎರಡನೇ ತಾರೀಖು. ಇನ್ನೂ ಹದಿನೆಂಟು ದಿನ!

ಆ ಹದಿನೆಂಟು ದಿನ ನಾನು ಪಟ್ಟ ಪಾಡು ನನ್ನ ಶತ್ರುವಿಗೂ ಬೇಡ. ಅವನಿಗೆ ಗಡುವು ಬಿದ್ದಿದೆ ಎಂಬುದು ನನಗೊಬ್ಬನಿಗೇ ಗೊತ್ತು ಎಂಬ ಸಂತೋಷ ನಾಲ್ಕು ದಿನವೂ ಉಳಿಯಲಿಲ್ಲ. ಅವಳು ಇನ್ನೂ ಹೆಚ್ಚು ಕೇಳತೊಡಗಿದಳು. ಅಡುಗೆ ಮಾಡುವಾಗ, ಇಸ್ತ್ರಿ ಮಾಡುವಾಗ, ಕಾಜಾ ಹೊಲಿಯುವಾಗ. ಊಟಕ್ಕೆ ಬಡಿಸುತ್ತಾ ನನಗೂ ಕಥೆ ಹೇಳುತ್ತಿದ್ದಳು. ನದಿ ದಾಟಿಸುವ ಒಬ್ಬ ದೋಣಿಯವಳಂತೆ. ಸೇತುವೆ ಕಟ್ಟಲು ಬಂದ ಇಂಜಿನಿಯರ್ ಅವಳನ್ನು ಮೆಚ್ಚಿದನಂತೆ. ಸೇತುವೆ ಮುಗಿದರೆ ಅವಳ ದೋಣಿ ಮೂಲೆ ಸೇರುತ್ತದೆ, ಮುಗಿಯದಿದ್ದರೆ ಅವನ ಮಾನ ಹೋಗುತ್ತದೆ.

"ಅವಳು ಬೈಯೋವಾಗ ಅವನ ದನಿ ಹೇಗೆ ಬದಲಾಗುತ್ತೆ ಗೊತ್ತಾ? ಥೇಟ್ ಹೆಂಗಸೇ. ನೀವು ಒಂದ್ಸಲ ಕೇಳಬೇಕು ರೀ."

ಕೇಳಿದ್ದೇನೆ ಮಹಾರಾಯಿತಿ ಎಂದು ಹೇಳುವಂತಿರಲಿಲ್ಲ.

ಆಮೇಲೆ ನನಗೊಂದು ಯೋಚನೆ ಬಂತು. ಅವನು ಹೋದ ಮೇಲೆ ಈ ಮನೆಯಲ್ಲಿ ಏನು ಉಳಿಯುತ್ತದೆ? ಲೋಟ ತಟ್ಟುವ ಸದ್ದು. ಹಾಗಾದರೆ ಮೊದಲೇ ಮಾತು ಶುರುಮಾಡಿಬಿಡೋಣ ಎಂದು ಹದಿಮೂರನೇ ತಾರೀಖು ಮನೆಗೆ ಬಂದವನೇ ಬಾಗಿಲಲ್ಲಿ ನಿಂತು ಬಾಯಿ ತೆರೆದೆ. ಏನು ಹೇಳಬೇಕೆಂದು ತೋಚಲಿಲ್ಲ. ಇಪ್ಪತ್ತೊಂಬತ್ತು ವರ್ಷದಿಂದ ಪಟ್ಟಿ ನೋಡಿ ಮಾತಾಡಿದವನು ನಾನು.

"ಇವತ್ತು... ಒಂಬತ್ತೂ ಹದಿನೈದರ ಬಸ್ಸು... ಇಪ್ಪತ್ತು ನಿಮಿಷ ತಡವಾಗಿತ್ತು."

ಅವಳು ಒಂದು ಕಿವಿಯ ಇಯರ್‌ಫೋನ್ ತೆಗೆದು ನೋಡಿದಳು. "ಯಾಕೆ, ಹುಷಾರಿಲ್ವಾ? ಸುಮ್ಮನಿರಿ, ಗಂಟಲು ಕೆಡುತ್ತೆ." ಇಯರ್‌ಫೋನ್ ಮತ್ತೆ ಕಿವಿ ಸೇರಿತು.

ಅಷ್ಟು ಅವಮಾನ ನನಗೆ ಯಾವತ್ತೂ ಆಗಿರಲಿಲ್ಲ. ಅವಳೇನೂ ಚುಚ್ಚಿ ಆಡಿದ್ದಲ್ಲ, ಕಾಳಜಿಯಿಂದಲೇ ಹೇಳಿದ್ದು. ಅದಕ್ಕೇ ಹೆಚ್ಚು ನೋವಾಯಿತು.

ಹತ್ತೊಂಬತ್ತನೇ ತಾರೀಖು ಅವಳು, "ಇನ್ನು ಮೂರೇ ಅಧ್ಯಾಯ ಬಾಕಿ" ಎಂದಳು. ಸೇತುವೆಯ ಕೊನೆಯ ಕಂಬ ನಿಂತಿದೆ, ದೋಣಿಯವಳು ಹಗ್ಗ ಬಿಚ್ಚಿದ್ದಾಳೆ, ಮುಂದೇನು ಗೊತ್ತಿಲ್ಲ. ಇವಳು ಇಷ್ಟು ಆಸೆಯಿಂದ ಕಾಯುತ್ತಿರುವುದನ್ನು ನಾನು ನಡುವೆಯೇ ಕತ್ತರಿಸಿಬಿಟ್ಟಿದ್ದೆ. ಮರುದಿನ ಎದ್ದವನೇ ಮತ್ತೆ ಚಂದಾ ಹಾಕಿಬಿಡೋಣ ಎಂದುಕೊಂಡೆ. ಆದರೆ ಹಾಕಿದರೆ ಅವನು ಮತ್ತೆ "ಬಂದ್ರಾ? ಕೂತ್ಕೊಳ್ಳಿ" ಅನ್ನುತ್ತಾನೆ. ಬೆರಳು ಮುಂದೆ ಹೋಗಲಿಲ್ಲ. ಹೊಟ್ಟೆಕಿಚ್ಚು ಅಂದರೆ ಹೀಗೆ. ತಪ್ಪು ಗೊತ್ತಾದರೂ ಬಿಡುವುದಿಲ್ಲ.

ಇಪ್ಪತ್ತೊಂದನೇ ತಾರೀಖು ಮನೆಗೆ ಬಂದಾಗ ಮಿಷನ್ ಸದ್ದಿರಲಿಲ್ಲ. ಇಯರ್‌ಫೋನ್ ಸುತ್ತಿ ಮೇಜಿನ ಮೇಲಿಟ್ಟಿದ್ದಳು. ನಾನು ಬೆಚ್ಚಗಿನ ನೀರು ಕುಡಿಯಲಿಲ್ಲ, ಪಂಚೆಯನ್ನೂ ಸುತ್ತಿಕೊಳ್ಳಲಿಲ್ಲ. ನಿಂತಲ್ಲೇ ಹೇಳಿಬಿಟ್ಟೆ. "ಅದನ್ನ ನಿಲ್ಲಿಸಿದ್ದು ನಾನೇ ಕಣೇ. ಮೊದಲು ಅಳಿಸಿದ್ದೂ ನಾನೇ. ನನಗೆ ಅವನನ್ನ ಕಂಡ್ರೆ ಆಗಲ್ಲ."

"ಗೊತ್ತು," ಎಂದಳು.

"ಗೊತ್ತಾ? ಯಾವಾಗ?"

"ಎರಡನೇ ತಾರೀಖೇ. ದಾರ ತಗೊಂಡು ವಾಪಸ್ ಬಂದು ಫೋನ್ ನೋಡಿದ್ರೆ ಮೇಲ್ ಬಂದಿತ್ತು." ಫೋನು ಎತ್ತಿ ನನ್ನ ಮುಖದ ಮುಂದೆ ಹಿಡಿದಳು. ನಿಮ್ಮ ಚಂದಾ ರದ್ದಾಗಿದೆ. ನಮ್ಮನ್ನು ಬಿಟ್ಟು ಹೋಗುತ್ತಿರುವುದಕ್ಕೆ ಬೇಸರವಾಗಿದೆ. ನೀವು ನೀಡಿದ ಕಾರಣ: ಇದಕ್ಕಿಂತ ಉತ್ತಮವಾದದ್ದು ಸಿಕ್ಕಿದೆ.

"ನಾನೇ ಮತ್ತೆ ಹಾಕ್ಕೋಬಹುದಿತ್ತು," ಎಂದಳು. "ಹಾಕ್ಕೊಳ್ಳಲಿಲ್ಲ. ಕೊನೇ ಮೂರು ಅಧ್ಯಾಯ ಕೇಳದೇ ಉಳಿಸಿದ್ದೀನಿ, ಹತ್ತೊಂಬತ್ತು ದಿನದಿಂದ ಕಾಯ್ತಾ ಇದ್ದೀನಿ ರೀ. ಎಲ್ಲಿ ಅದು?"

"ಯಾವುದು?"

"ಇದಕ್ಕಿಂತ ಉತ್ತಮವಾದದ್ದು."

ಅವಳು ಮಿಷನ್ನಿನ ಡ್ರಾಯರ್ ಎಳೆದು ಒಂದು ಪುಸ್ತಕ ತೆಗೆದಳು. ಅದೇ ಕಥೆ, ಗ್ರಂಥಾಲಯದ ಮುದ್ರೆ ಇತ್ತು, ಕೊನೆಯ ಮೂರು ಅಧ್ಯಾಯದ ಹತ್ತಿರ ನೀಲಿ ದಾರದ ತುಂಡು ಇಟ್ಟಿದ್ದಳು. ನನ್ನ ಕೈಗೆ ಕೊಟ್ಟು, ತಾನು ಒಂದು ಪ್ಯಾಂಟನ್ನು ಮಡಿಲಿಗೆ ಹಾಕಿಕೊಂಡು ಕೂತಳು. ಈ ಸಲ ಕಿವಿಯಲ್ಲಿ ಏನೂ ಇರಲಿಲ್ಲ.

ನಾನು ಕುರ್ಚಿ ಎಳೆದುಕೊಂಡು ಓದಲು ಶುರುಮಾಡಿದೆ. ಮೊದಲ ಸಾಲು ಗೋಡೆಗೆ ಬಡಿದು ವಾಪಸು ಬಂತು.

"ಬಸ್ಸೇನೂ ಹೊರಡ್ತಾ ಇಲ್ಲ," ಎಂದಳು. "ಮೆತ್ತಗೆ ಓದಿ."

ಮೆತ್ತಗೆ ಓದಿದೆ. ಎರಡು ಪುಟಕ್ಕೆ ಗಂಟಲು ಒಣಗಿತು. ಅಭ್ಯಾಸಬಲ, ಲೋಟವನ್ನು ಒಂದು ಸಲ ತಟ್ಟಿದೆ. ಅವಳು ತಲೆ ಎತ್ತಲಿಲ್ಲ. ಮತ್ತೆ ತಟ್ಟಿದೆ.

"ಬಾಯಿ ಬಿಟ್ಟು ಕೇಳಿ."

"ಸ್ವಲ್ಪ ನೀರು ಕೊಡ್ತೀಯಾ?"

ಕೊಟ್ಟಳು. ಕುಡಿದು ಮುಂದೆ ಓದಿದೆ. ಇಂಜಿನಿಯರ್ ದಡಕ್ಕೆ ಬಂದು ನಿಂತ, ದೋಣಿಯವಳು ಅವನನ್ನು ನೋಡಿದಳು, ದೋಣಿ ಹತ್ತು ಎಂದಳು. ನಾನು ತಡೆಯದೆ ಮುಂದಿನ ಸಾಲಿಗೆ ಹೋದೆ.

ಅವಳು ಸೂಜಿ ನಿಲ್ಲಿಸಿದಳು. "ಅವನಾಗಿದ್ರೆ ಅಲ್ಲಿ ಒಂಚೂರು ನಿಲ್ಲಿಸ್ತಿದ್ದ."

ಹೊಟ್ಟೆಯೊಳಗೆ ಮತ್ತೆ ಬುಗ್ ಅಂತ ಹತ್ತಿಕೊಂಡಿತು. ಪುಸ್ತಕ ಮುಚ್ಚಿಬಿಡೋಣ ಅನ್ನಿಸಿತು. ಮುಚ್ಚಲಿಲ್ಲ. ಆ ಸಾಲಿಗೆ ವಾಪಸು ಹೋಗಿ ಇನ್ನೊಂದು ಸಲ ಓದಿದೆ, ಅವಳು ಹೇಳಿದ ಜಾಗದಲ್ಲಿ ಒಂಚೂರು ನಿಲ್ಲಿಸಿದೆ.