ಬೀಗರ ಭೂತಗನ್ನಡಿ

ಮದುವೆಗೆ ಮೊದಲು ಬಂಗಾರ ನೋಡಲು ಬರುವ ಬೀಗರು ಸಾಮಾನ್ಯವಾಗಿ ಕಣ್ಣಲ್ಲೇ ತೂಗುತ್ತಾರೆ. ಸಂಗಯ್ಯ ಭೂತಗನ್ನಡಿ ತಂದಿದ್ದರು. ಶಿರಸಿಯಲ್ಲಿ ಯಾವುದೋ ಗ್ರಾಹಕ ಜಾಗೃತಿ ಸಭೆಯಲ್ಲಿ ಅರ್ಧ ಭಾಷಣ ಕೇಳಿ ಪೂರ್ತಿ ಊಟ ಮಾಡಿ ಬಂದಂದಿನಿಂದ ಅವರ ಪಾಲಿಗೆ ಲೋಕದಲ್ಲಿ ಎರಡೇ ಜಾತಿ: ಹಾಲ್‌ಮಾರ್ಕ್ ಮುದ್ರೆ ಇದ್ದದ್ದು, ಇಲ್ಲದ್ದು.

ದಾಸನಕೊಪ್ಪದ ತನ್ನ ಮನೆಯ ಪಡಸಾಲೆಯಲ್ಲಿ ಗಂಗಾಂಬಿಕಾ ಒಡವೆಯ ತಟ್ಟೆಯನ್ನು ಭಾವೀ ಮಾವನ ಮುಂದೆ ಸರಿಸಿದಳು. ಪಕ್ಕದಲ್ಲಿ ವರ ಶರಣ ಅವಲಕ್ಕಿಯನ್ನು ಪರೀಕ್ಷಿಸುತ್ತಿದ್ದ. ಹೊಸ ಬಳೆಗಳು ಪಾಸಾದವು: ತ್ರಿಕೋನದ ಗುರುತು, 916 ಅಂಕಿ, ಒಂದೊಂದು ಒಡವೆಗೂ ಬೇರೆಬೇರೆಯಾದ ಆರಕ್ಷರದ ಸಂಖ್ಯೆ. ಸಂಗಯ್ಯ ಆ ಸಂಖ್ಯೆಯನ್ನು ಮೊಬೈಲಿನ ಸರಕಾರಿ ಆ್ಯಪಿಗೆ ಹಾಕಿ, "ಬಳಿ. ಇಪ್ಪತ್ತೆರಡು ಕ್ಯಾರೆಟ್" ಎಂದು ಓದಿ, ತಾವೇ ಎರಕ ಹೊಯ್ದವರಂತೆ ಮೀಸೆ ತಿರುವಿದರು.

ಆಮೇಲೆ ಬಂದದ್ದು ಬೋರಮಾಳ, ಒಳಗೆ ಅರಗು ತುಂಬಿದ ಟೊಳ್ಳು ಗುಂಡುಗಳ ಸರ. ಅಜ್ಜಿ ಗುರುಶಾಂತವ್ವನದು. ಗಂಗಾಂಬಿಕಾ ತಾನಾಗಿ ಬಾಯಿಬಿಟ್ಟು ಕೇಳಿ ಪಡೆದ ಒಂದೇ ಒಡವೆ.

ಸಂಗಯ್ಯ ಭೂತಗನ್ನಡಿ ಹಿಡಿದರು. "ಇದರಾಗ ನಂಬರ್ ಎಲ್ಲೈತ್ರಿ? ಕೊಂಡಿ ಮ್ಯಾಲ ಇಲಿ ಕಚ್ಚಿದಂಗ ಏನೋ ಕಾಣತೈತಿ."

"ಅದು ಈ ಸರ ಮಾಡಿದ ಮೌನಪ್ಪ ಪತ್ತಾರನ ಗುರುತ್ರೀ ಬೀಗರ," ಎಂದಳು ಗುರುಶಾಂತವ್ವ. "ಬಂಗಾರ ಕಪ್ಪಾದ್ರ ಯಾರ ಬಾಗಿಲಾ ಬಡೀಬೇಕು ಅನ್ನೂದು ಗೊತ್ತಿರಲಿ ಅಂತ ಹೊಡೀತಿದ್ದ."

"ಪತ್ತಾರ ಈಗ ಅದಾನೇನು?"

"ಇಲ್ಲ. ಬಂಗಾರನೂ ಕಪ್ಪಾಗಿಲ್ಲ."

"ಹೋಗ್ಲಿ, ಕೆಡಿಎಮ್ಮಾದ್ರೂ ಐತೇನು?"

"ಕೆಡಿಎಂ ಅಂದ್ರ ಕ್ಯಾಡ್ಮಿಯಂ ಬೆಸುಗಿರೀ ಮಾವಾರ," ಎಂದಳು ಗಂಗಾಂಬಿಕಾ. "ಅದರ ಹೊಗಿ ಕೆಲಸದವರ ಎದಿಗೆ ಕೆಟ್ಟದ್ದಂತ ಬ್ಯಾಡ ಅಂದಾರ. ಅದು ಶುದ್ಧ ಬಂಗಾರದ ಗುರುತಲ್ಲ."

"ಅದಕ್ಕs ಕೇಳಿದೆ, ಇಲ್ಲಲಾ ಅಂತ!" ಸಂಗಯ್ಯ ಕಣ್ಣು ಮಿಟುಕಿಸದೆ ಹೇಳಿದರು. "ಮುದ್ರಿ ಇಲ್ಲದ್ದು ನಮ್ಮನಿಗೆ ಬ್ಯಾಡ. ಶಿರಸಿಗೆ ಒಯ್ದು ಕರಗಸೂಣು."

ಗಂಗಾಂಬಿಕಾ ಶರಣನತ್ತ ನೋಡಿದಳು. ಅವನು ಇನ್ನಷ್ಟು ಅವಲಕ್ಕಿ ಹಾಕಿಸಿಕೊಂಡ.

"ನಿಮ್ಮ ಚೈನಿಗೂ ನಂಬರ್ ಐತೇನ್ರಿ ಮಾವಾರ?"

"ಹೊಸಾದವ್ವಾ! ಗೊತ್ತಿದ್ದವರ ಕಡಿಂದ ಕಡಿಮಿಗೆ ಸಿಕ್ಕೈತಿ." ಅಂಗಿಯೊಳಗಿಂದ ದನ ಕಟ್ಟುವ ಹಗ್ಗದಷ್ಟು ದಪ್ಪದ ಚೈನು ಹೊರಬಂತು. ಗಂಗಾಂಬಿಕಾ ಅದರ ಸಂಖ್ಯೆಯನ್ನು ಆ್ಯಪಿಗೆ ಹಾಕಿದಳು. ಎರಡು ಸಲ ಹಾಕಿದಳು.

"ಕಿವಿಯೋಲಿ ಅಂತ ಬರತೈತ್ರಿ. ಹದಿನೆಂಟು ಕ್ಯಾರೆಟ್. ಯಾರದೋ ಓಲಿ ನಂಬರ್ ಕದ್ದು ನಿಮ್ಮ ಚೈನಿಗೆ ಹೊಡದಾರ."

"ಇಷ್ಟುದ್ದ ಓಲಿ ಹಾಕ್ಕೊಳ್ಳಾಕ ಕಿವಿ ಎಷ್ಟುದ್ದ ಇರಬೇಕ್ರಿ ಬೀಗರ!" ಎಂದಳು ಗುರುಶಾಂತವ್ವ.

ಸಂಗಯ್ಯ ಮೊದಲು ನೆಟ್‌ವರ್ಕನ್ನು ಬೈದರು. ಚಹಾ ಮುಗಿಯುವಷ್ಟರಲ್ಲಿ ಅವರ ಸಿದ್ಧಾಂತವೇ ಕರಗಿ ಹೊಸ ಅಚ್ಚಿಗೆ ಬಿದ್ದಿತ್ತು. "ಮುದ್ರಿ ಗಿದ್ರಿ ಎಲ್ಲಾ ಆಟ. ಹಳೇ ಬಂಗಾರದ ಗತ್ತs ಬ್ಯಾರೆ. ಬೋರಮಾಳ ಸದ್ಯಕ್ಕ ಹಂಗs ಇರಲಿ."

ಆ 'ಸದ್ಯಕ್ಕ' ಗಂಗಾಂಬಿಕಾಳಿಗೆ ಮುಳ್ಳಿನಂತೆ ಚುಚ್ಚಿತು. ಹೊರಟು ನಿಂತ ಶರಣನನ್ನು ಹೊಸಿಲಲ್ಲಿ ತಡೆದು ಕೇಳಿದಳು: "ಮದುವಿ ಆದಮ್ಯಾಲ ಮತ್ತ ಕರಗಸು ಅಂದ್ರ, ನೀವೇನಂತೀರಿ?"

ಶರಣ ಬಾಯೊರೆಸಿಕೊಂಡ. "ಅದು ನಿನಗೂ ಅಪ್ಪಾರಿಗೂ ಬಿಟ್ಟದ್ದು. ನಾ ನಡುವ ಬರಂಗಿಲ್ಲ." ದೊಡ್ಡ ಉದಾರತೆ ತೋರಿದವನಂತೆ ನಕ್ಕು ಬೈಕು ಹತ್ತಿದ.

ಗಂಗಾಂಬಿಕಾ ಒಳಗೆ ಬಂದು ಬೋರಮಾಳವನ್ನು ಕೊರಳಿಗೆ ಹಾಕಿಕೊಂಡು ಅಜ್ಜಿಯತ್ತ ತಿರುಗಿದಳು.

"ಆಯಿ, ಮದುವಿ ಪೆಂಡಾಲದಾಂವಗ ಈಗs ಅಡ್ವಾನ್ಸ್ ಕೊಡಬ್ಯಾಡ ಅಂತ ಅಪ್ಪಗ ಹೇಳು."