ತೊಳೆದ ಗೊಬೊ

ಇತ್ಸುಕೊ ಈ ಮನೆಗೆ ಸೊಸೆಯಾಗಿ ಬಂದು ಮೊದಲ ಸಲ ಒಲೆ ಮುಂದೆ ನಿಂತ ದಿನವೇ ಅತ್ತೆ ಶಿಗೆ ಅವಳಿಗೊಂದು ಅಡ್ಡಹೆಸರು ಇಟ್ಟುಬಿಟ್ಟಳು. ತೊಳೆದ ಗೊಬೊ. ಊರವರೆಲ್ಲ ನಕ್ಕರು. ಇತ್ಸುಕೊಗೆ ಅದು ಬೈಗುಳ ಅಂತ ಅರ್ಥವಾಗೋಕೆ ಒಂದು ವಾರ ಬೇಕಾಯಿತು.

ಅಕಾಗಿ ಬೆಟ್ಟದ ಬುಡದ ಕಪ್ಪುಮಣ್ಣಿನಲ್ಲಿ ಎರಡು ಮೊಳ ಆಳಕ್ಕೆ ನೆಟ್ಟಗೆ ಇಳಿಯುವ ಬೇರು ಈ ಗೊಬೊ. ಹೆಬ್ಬೆರಳ ದಪ್ಪ, ಕೋಲಿನ ಉದ್ದ. ನೋಡೋಕೆ ಒಂದು ಚೂರೂ ಚೆಂದವಿಲ್ಲ. ಶಿಗೆಯ ಮನೆಯವರು ಅದನ್ನು ಮುರಿಯದ ಹಾಗೆ ಅಗೆದು, ಮಣ್ಣು ಮೆತ್ತಿದ ಹಾಗೇ ಕಂತೆ ಕಟ್ಟಿ ಮಾರುತ್ತಾ ಬಂದವರು. ಪೇಟೆಯ ಅಂಗಡಿಗಳಲ್ಲಿ ಅದೇ ಬೇರು ಸ್ನಾನ ಮಾಡಿಸಿಕೊಂಡು, ಬಿಳಿಚಿಕೊಂಡು, ಪ್ಲಾಸ್ಟಿಕ್ ಚೀಲದೊಳಗೆ ಮಲಗಿರುತ್ತದೆ. ಇತ್ಸುಕೊ ಕೋಬೆ ಪಟ್ಟಣದ ಹುಡುಗಿ. ಅವಳು ಗೊಬೊ ಅಂತ ನೋಡಿದ್ದೇ ಆ ಚೀಲದಲ್ಲಿ. ಮೊದಲ ದಿನ ಅತ್ತೆ ಕೊಟ್ಟ ಬೇರಿನ ಸಿಪ್ಪೆಯನ್ನೆಲ್ಲ ಹೆರೆದು, ಹೆಚ್ಚಿ, ವಿನೆಗರ್ ನೀರಲ್ಲಿ ನೆನೆಹಾಕಿ, ನೀರು ಬದಲಾಯಿಸಿ ಬದಲಾಯಿಸಿ ಮೂಲಂಗಿಯಷ್ಟು ಬೆಳ್ಳಗೆ ಮಾಡಿ ಪಲ್ಯಕ್ಕೆ ಹಾಕಿದಳು. ಶಿಗೆ ಬೇಸಿನ್ನಿನಲ್ಲಿದ್ದ ಕಂದು ನೀರನ್ನು ನೋಡಿದಳು, ಬಾಣಲೆಯನ್ನು ನೋಡಿದಳು.

"ಗೊಬೊನೆಲ್ಲ ನೀರಿಗೆ ಬಿಟ್ಟು ಬರೀ ಕಡ್ಡಿ ಹುರಿದಿದ್ದೀಯಲ್ಲೇ ತಾಯಿ," ಅಂದಳು.

ಕೊಯ್ದ ಗೊಬೊದಿಂದ ನೀರಿಗೆ ಇಳಿಯುವ ಆ ಕಂದು ಒಗರಿಗೆ ಇಲ್ಲಿಯವರು ಅಕು ಅನ್ನುತ್ತಾರೆ. ಬಾಯಿ ಜೋರಿರುವ, ಯಾರಿಗೂ ಸೊಪ್ಪು ಹಾಕದ ಮನುಷ್ಯರಿಗೂ ಅದೇ ಮಾತು: ಅವಳಿಗೆ ಅಕು ಜಾಸ್ತಿ. ಆ ಲೆಕ್ಕದಲ್ಲಿ ಶಿಗೆಯನ್ನು ಮೀರಿಸುವವರು ಸುತ್ತಮುತ್ತ ಯಾರೂ ಇರಲಿಲ್ಲ. ಪಂಚಾಯ್ತಿ ಕಚೇರಿಯವರೇ ಅವಳನ್ನು ಕಂಡರೆ ಹಿಂಬಾಗಿಲಿಂದ ಜಾಗ ಖಾಲಿ ಮಾಡುತ್ತಿದ್ದರು. ಸೊಸೆಯೂ ಸುಮ್ಮನಿದ್ದವಳಲ್ಲ. ಅತ್ತೆ ಹೊಲಕ್ಕೆ ಹೋದಾಗ ಗೊಬೊ ನೆನೆಹಾಕುವಳು, ಅತ್ತೆ ಬಂದು ಬೇಸಿನ್ನು ಬೋರಲು ಹಾಕುವಳು. ಈ ಜಗಳ ಇತ್ಸುಕೊಳ ತಲೆ ನರೆಯುವ ತನಕ ನಡೆಯಿತು.

ಈ ಶರತ್ಕಾಲದಲ್ಲಿ ಶಿಗೆ ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಸ್ಪತ್ರೆಯಿಂದ ಮನೆಗೆ ಬಂದವಳು ಬೇರೆ ಯಾರೋ ಆಗಿದ್ದಳು. ಮಾತಿಲ್ಲ, ಬೈಗುಳವಿಲ್ಲ. ಮೆತ್ತಗೆ ಅರೆದ ಊಟವನ್ನು ಪುಟ್ಟ ಬಟ್ಟಲುಗಳಲ್ಲಿ ಇಟ್ಟರೆ ತುಟಿ ಬಿಗಿದು ಗೋಡೆ ಕಡೆ ತಿರುಗುವಳು. ಮನೆಗೆ ಬಂದು ನೋಡಿಹೋಗುವ ನರ್ಸ್ ಮಿನೆಗಿಶಿ ತೂಕ ನೋಡಿ ಮುಖ ಸಪ್ಪಗೆ ಮಾಡಿಕೊಂಡಳು.

"ಸೋಮವಾರ ಡಾಕ್ಟರು ಬರ್ತಾರೆ, ಇತ್ಸುಕೊ ಅವರೇ. ಅಷ್ಟರಲ್ಲಿ ಬಾಯಲ್ಲಿ ಏನಾದ್ರೂ ಹೋಗ್ಲಿಲ್ಲ ಅಂದ್ರೆ ಮತ್ತೆ ಆಸ್ಪತ್ರೆಗೇ. ಮೂಗಿಂದ ನಳಿಗೆ ಹಾಕ್ಬೇಕಾಗತ್ತೆ."

ಪಕ್ಕದ ಮನೆಯ ಮುದುಕನಿಗೆ ನಳಿಗೆ ಹಾಕಿದ್ದಾಗ ಶಿಗೆ ನೋಡಿಕೊಂಡು ಬಂದು ಹೇಳಿದ್ದ ಮಾತು ಇತ್ಸುಕೊಗೆ ಚೆನ್ನಾಗಿ ನೆನಪಿತ್ತು. "ನಂಗೇನಾದ್ರೂ ಹಾಗೆ ಮಾಡಿದ್ರೆ ದೆವ್ವ ಆಗಿ ಬಂದು ನಿನ್ನ ಅಡುಗೆಮನೇಲೇ ಕೂರ್ತೀನಿ." ಆಗ ಇತ್ಸುಕೊ ನಕ್ಕಿದ್ದಳು.

ಗಂಡ ತಮೋತ್ಸು ತಮಾಷೆ ಮಾಡಲು ನೋಡಿದ. "ಅಮ್ಮ ಬಯ್ಯೋದು ನಿಲ್ಸಿದಾಳೆ, ನೀನು ಹಬ್ಬ ಮಾಡ್ಬೇಕು ಕಣೆ."

"ಸುಮ್ನಿರಿ ನೀವು," ಅಂದಳು ಇತ್ಸುಕೊ. ಮನೆ ಭಣಭಣ ಅನ್ನುತ್ತಿತ್ತು. ಆ ಬಾಯಿ ಇಲ್ಲದೆ ತನಗೇ ಊಟ ಸೇರುತ್ತಿಲ್ಲ ಅನ್ನುವುದನ್ನು ಗಂಡನಿಗೆ ಹೇಗೆ ಹೇಳುವುದು? ಹೊರಟಿದ್ದ ನರ್ಸನ್ನು ಬಾಗಿಲಲ್ಲಿ ತಡೆದು ಕೇಳಿದಳು. "ಗೊಬೊ ಕೊಡಬಹುದಾ?"

ಮಿನೆಗಿಶಿ ನಕ್ಕಳು. "ಗೊಬೊನಾ? ನಾರಿನ ಹೊರೆ ಅದು, ನನ್ನ ಹಲ್ಲಿಗೇ ಕೆಲಸ ಕೊಡತ್ತೆ." ಆಮೇಲೆ ಚಪ್ಪಲಿ ಹಾಕಿಕೊಳ್ಳುತ್ತಾ ಯೋಚಿಸಿದಳು. "ನುಣ್ಣಗೆ ಬೇಯ್ಸಿ, ಅರೆದು, ಸೋಸಿ, ಗಂಜಿ ಹದಕ್ಕೆ ಮಾಡಿದ್ರೆ ಕೊಡಿ. ಅಜ್ಜಿಗೆ ಹೊಟ್ಟೆ ಬೇರೆ ಕಟ್ಟಿದೆ. ಸೋಸಿದ್ರೂ ನೀರಲ್ಲಿ ಕರಗೋ ನಾರು ಉಳ್ಕೊಳತ್ತೆ, ಕರುಳಿಗೆ ಅದಕ್ಕಿಂತ ಒಳ್ಳೇದು ಇನ್ನೇನಿದೆ. ನೆಟ್ಟಗೆ ಕೂರ್ಸಿ, ಗದ್ದ ಕೆಳಗೆ ಮಾಡ್ಸಿ, ಸಣ್ಣ ಚಮಚದಲ್ಲಿ."

ಇತ್ಸುಕೊ ಮನಸ್ಸಿಟ್ಟು ಮಾಡಿದಳು. ಬೇಯಿಸಿ ಅರೆದು, ಸೋಸಿ, ಹಾಲು ಬೆರೆಸಿದಳು. ಮದುವೆ ಮನೆಯಲ್ಲಿ ಬಡಿಸಬಹುದಾದಂಥ ಬೆಳ್ಳನೆಯ ಸೂಪು. ಶಿಗೆ ಒಂದು ಚಮಚ ಬಾಯಿಗೆ ಹಾಕಿಸಿಕೊಂಡಳು. ಅದು ಹಾಗೇ ತುಟಿಯ ಅಂಚಿನಿಂದ ಹೊರಗೆ ಬಂತು. ಜಪ್ಪಯ್ಯ ಅಂದರೂ ಇನ್ನೊಂದು ಚಮಚಕ್ಕೆ ಬಾಯಿ ತೆರೆಯಲಿಲ್ಲ.

ಅಡುಗೆಮನೆಗೆ ಬಂದು ಕೈಚೆಲ್ಲಿ ನಿಂತವಳ ಕಣ್ಣಿಗೆ ಬೇಸಿನ್ನು ಬಿತ್ತು. ಅದರ ತುಂಬ ಕಂದು ನೀರು. ನೆನೆಹಾಕಿದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ, ಕೈ ತನ್ನಷ್ಟಕ್ಕೆ ತಾನು ಮಾಡಿತ್ತು. ಬಗ್ಗಿ ಮೂಸಿದಳು. ಹೊಲದಿಂದ ಬಂದ ಅತ್ತೆಯ ಅಂಗಿ ತೋಳಿನ ವಾಸನೆ ಅಲ್ಲಿತ್ತು. ಅಷ್ಟೂ ಅಲ್ಲೇ ಇತ್ತು, ಬಟ್ಟಲಿನ ಸೂಪಿನಲ್ಲಿ ಅದರ ಸುಳಿವೂ ಇರಲಿಲ್ಲ.

"ಥೂ, ನನ್ನ ಬುದ್ಧಿಗಿಷ್ಟು," ಅಂದುಕೊಂಡಳು.

ಮಾರನೇ ದಿನ ಹೊಲಕ್ಕೆ ತಾನೇ ಹೋದಳು. ಗುದ್ದಲಿಯಿಂದ ಪಕ್ಕದಲ್ಲಿ ಗುಂಡಿ ತೋಡಿ, ಬೇರನ್ನು ಎರಡೂ ಕೈಯಲ್ಲಿ ಹಿಡಿದು ಓಲಾಡಿಸಿ ಎಳೆದಳು. ಆ ಬೇರಿನ ಹಠವನ್ನು ಮೆಚ್ಚಲೇಬೇಕು, ಕಲ್ಲು ಅಡ್ಡ ಬಂದರೂ ಸೊಟ್ಟಗಾಗಿ ಸುತ್ತಿಕೊಂಡು ಮತ್ತೆ ಕೆಳಕ್ಕೇ ಇಳಿದಿತ್ತು. ಮನೆಗೆ ತಂದು ಸಿಪ್ಪೆ ಹೆರೆಯಲಿಲ್ಲ. ನಾರಿನ ಬ್ರಷ್‌ನಿಂದ ಮಣ್ಣು ಮಾತ್ರ ತೆಗೆದು, ಚಾಕುವಿನ ಬೆನ್ನಿನಿಂದ ಅತ್ತೆ ಮಾಡುತ್ತಿದ್ದ ಹಾಗೆ ಮೇಲಿಂದ ಕೆರೆದಳು. ಬೇರನ್ನು ತಿರುಗಿಸುತ್ತಾ ಪೆನ್ಸಿಲ್ ಚೂಪು ಮಾಡಿದ ಹಾಗೆ ತೆಳ್ಳನೆಯ ಎಸಳು ಸೀಳಿ, ನೀರಿಗೆ ತೋರಿಸದೆ ನೇರ ಬಾಣಲೆಗೇ ಹಾಕಿದಳು. ಎಳ್ಳೆಣ್ಣೆ ಚುರ್ ಅಂದಿತು. ಆಹಾ, ಆ ಘಮಕ್ಕೆ ಇನ್ನೊಂದು ತರಕಾರಿ ಸಾಟಿಯಿಲ್ಲ! ಮಣ್ಣು, ಕಾಡು, ಹುರಿದ ಕಾಳು, ಎಲ್ಲವೂ ಅದರಲ್ಲಿ ಇತ್ತು. ಒಣಮೀನಿನ ಸಾರು ಹೊಯ್ದು ಬೇಯಿಸಿ, ಅರೆದು, ಎರಡು ಸಲ ಸೋಸಿ, ಹುದುಗಿಸಿದ ಸೋಯಾಕಾಳಿನ ಉಪ್ಪು ಹಿಟ್ಟು ಮಿಸೊವನ್ನು ಚೂರು ಕದಡಿದಳು.

ತಮೋತ್ಸು ಪಾತ್ರೆಗೆ ಇಣುಕಿದ. "ಇದೇನೇ ಇದು, ಗದ್ದೆ ಕೆಸರು?"

"ಹೂಂ ರೀ. ಕೆಸರೇ."

ಬಟ್ಟಲು ಹಾಸಿಗೆಯ ಹತ್ತಿರ ಬರುವುದಕ್ಕೆ ಮೊದಲೇ ಶಿಗೆಯ ಮೂಗಿನ ಹೊಳ್ಳೆ ಅರಳಿತು. ಗೋಡೆಯಿಂದ ಮುಖ ಈಚೆ ತಿರುಗಿತು. ಮೊದಲ ಚಮಚ ಒಳಗೆ ಹೋಯಿತು, ಗಂಟಲು ಆಡಿತು. ಮುದುಕಿ ಬಾಯಿ ತೆರೆದು ಇನ್ನೊಂದು ಚಮಚಕ್ಕೆ ಕಾಯುತ್ತಿದ್ದಳು. ಆ ದಿನ ಅರ್ಧ ಬಟ್ಟಲು ಖಾಲಿಯಾಯಿತು. ಆಮೇಲೆ ದಿನಾ ಅದೇ ನಡೆಯಿತು, ಮೊಟ್ಟೆ ಕದಡಿದ ಗಂಜಿಯೂ ಅದರ ಜೊತೆಗೆ ಸೇರಿತು, ಕಟ್ಟಿದ ಹೊಟ್ಟೆಯೂ ಸಡಿಲವಾಯಿತು. ಮಾತು ಮಾತ್ರ ಬರಲಿಲ್ಲ.

ಸೋಮವಾರ ಡಾಕ್ಟರು, ಮಿನೆಗಿಶಿ ಇಬ್ಬರೂ ಬಂದರು. ಅವರ ಕಣ್ಣೆದುರೇ ಶಿಗೆ ಒಂದು ಬಟ್ಟಲನ್ನು ತಳ ಕಾಣುವ ತನಕ ಕುಡಿದಳು. ಡಾಕ್ಟರು ತೂಕ ನೋಡಿ, ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿ, "ನಳಿಗೆ ಮಾತು ಸದ್ಯಕ್ಕೆ ಬೇಡ," ಅಂದರು. ಇತ್ಸುಕೊ ಅಲ್ಲೇ ಚಾಪೆ ಮೇಲೆ ಕೂತಳು.

ಮಿನೆಗಿಶಿ ಬಟ್ಟಲಿನ ತಳದ ಬಣ್ಣ ನೋಡಿದಳು. "ಅಕು ತೆಗೆದಿಲ್ಲ ಅಲ್ವಾ? ಒಳ್ಳೇದೇ ಮಾಡಿದ್ರಿ. ಚಹಾದಲ್ಲಿರೋ ಥರದ ಸತ್ವ ಅದು, ಎಲ್ರೂ ಸುಮ್ನೆ ಚೆಲ್ಲಿಬಿಡ್ತಾರೆ. ಯಾರು ಹೇಳ್ಕೊಟ್ಟಿದ್ದು?"

ಇತ್ಸುಕೊ ಬಾಯಿ ತೆರೆಯುವ ಮೊದಲೇ ಹಾಸಿಗೆಯಿಂದ ಕೆರೆದ ಹಾಗೆ ಒಂದು ದನಿ ಬಂತು.

"ಅವಳ ಉಗುರು ನೋಡಿ."

ಎಲ್ಲರೂ ನೋಡಿದರು. ಇತ್ಸುಕೊಳ ಉಗುರಿನ ಸಂದಿಯಲ್ಲೆಲ್ಲ ಕಪ್ಪುಮಣ್ಣು ಕೂತಿತ್ತು, ಎಷ್ಟು ಉಜ್ಜಿದರೂ ಹೋಗಿರಲಿಲ್ಲ. ಆಗಿನ ಕೋಬೆಯ ಹುಡುಗಿಯಾಗಿದ್ದರೆ ಕೈ ಬೆನ್ನ ಹಿಂದೆ ಹೋಗುತ್ತಿತ್ತು. ಅವಳು ಹಾಗೇ ಮಡಿಲಲ್ಲಿಟ್ಟುಕೊಂಡು ಕೂತಳು.

"ತೊಳೆದ ಗೊಬೊಗೆ," ಶಿಗೆ ಉಸಿರು ತೆಗೆದುಕೊಂಡಳು, "ಕಡೆಗೂ ಮಣ್ಣು ಹತ್ತಿತು." ಇನ್ನೊಂದು ಉಸಿರು. "ಉಪ್ಪು ಕಮ್ಮಿ."

ಇತ್ಸುಕೊ ಉಪ್ಪು ತರುತ್ತೇನೆ ಅಂತ ಎದ್ದು ಅಡುಗೆಮನೆ ಬಾಗಿಲ ತನಕ ಹೋದಳು. ಅಲ್ಲಿ ಕಂಬ ಹಿಡಿದು ನಿಂತು ಬಿಕ್ಕಿ ಬಿಕ್ಕಿ ಅತ್ತುಬಿಟ್ಟಳು.

"ಆಮೇಲೆ ಅಳುವಂತೆ," ಒಳಗಿಂದ ಅತ್ತೆಯ ದನಿ ಬಂತು. "ಇನ್ನೊಂದು ಬಟ್ಟಲು ತಗೊಂಡು ಬಾರೇ, ಆರಿಹೋಗತ್ತೆ."