ಅಡುಗೆಮನೆಯ ಹಿಂದಿನ ಇಳಿಜಾರು

ಸುಂದರಬಾಯಿಗೆ ಬುದ್ಧಿ ಹೇಳುವುದೂ ಒಂದೇ, ಕಲ್ಲಿಗೆ ಹೇಳುವುದೂ ಒಂದೇ ಅಂತ ಊರೆಲ್ಲ ನನ್ನನ್ನು ಆಡಿಕೊಳ್ಳುತ್ತದೆ. ಆಡಿಕೊಳ್ಳಲಿ. ನಮ್ಮ ಮನೆಯವರು, ಬಕ್ಕಪ್ಪ, ಕಳೆದ ದೀಪಾವಳಿ ಮುಗಿದ ವಾರದಲ್ಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟರು. ನಮ್ಮಲ್ಲಿ ಸತ್ತವರನ್ನು ಸ್ವಂತ ಹೊಲದಲ್ಲಿ ಕೂರಿಸಿ ಮಣ್ಣು ಮಾಡಿ, ಮೇಲೊಂದು ಗದ್ದುಗೆ ಕಟ್ಟುತ್ತೇವೆ. ಮೈದುನ ಸಂಜೀವಕುಮಾರ ಕೆಳಗಿನ ಹೊಲ ತೋರಿಸಿದ. ನಾನು ಅಡುಗೆಮನೆಯ ಹಿಂದೆ, ಗೋಡೆಯಿಂದ ಆರು ಹೆಜ್ಜೆ ದೂರದ ಜಾಗ ತೋರಿಸಿದೆ. ದುಬಲಗುಂಡಿ ಊರಿನ ಆಚೆ ನಮ್ಮದು ಒಂಟಿ ಹೊಲದ ಮನೆ, ಮಕ್ಕಳಿಲ್ಲ, ಸುತ್ತ ಬರೀ ತೊಗರಿ. ಅವರನ್ನೂ ದೂರ ಕಳಿಸಿ ನಾನು ಯಾರ ಜೊತೆ ಮಾತಾಡಲಿ?

“ವೈನಿ, ಅದು ನೀರು ಹರ್ಯೋ ಜಾಗಾ ಅದರಿ. ಮಳಿಗಾಲಕ್ಕ ತ್ರಾಸ ಆಗ್ತದ,” ಎಂದ ಸಂಜೀವ.

“ನಿಮ್ಮಣ್ಣನ್ನ ದೂರ ಒಯ್ದು ಹುಗಿದು ಕೈ ತೊಳ್ಕೋಬೇಕಂತ ಮಾಡೀಯೇನು?” ಎಂದು ಹತ್ತು ಜನರ ಎದುರು ಕಿರುಚಿದೆ. ಅವನ ಮುಖ ಸಪ್ಪಗಾಯಿತು. ಕಾರ್ಯ ಮುಗಿಸಿ ಹೋದವನು ಮತ್ತೆ ನನ್ನ ಹೊಸ್ತಿಲು ತುಳಿಯಲಿಲ್ಲ. ಅವನ ಹೊಲ ನನ್ನ ಬದುವಿಗೇ ಅಂಟಿಕೊಂಡಿದೆ. ಎದುರಾದರೆ ಇಬ್ಬರೂ ಮುಖ ತಿರುಗಿಸುತ್ತಿದ್ದೆವು.

ಕಲ್ಲು ಸಿಮೆಂಟಿನಲ್ಲಿ ಅಗಲವಾದ ಗದ್ದುಗೆ ಕಟ್ಟಿಸಿದೆ. ಬೆಳಿಗ್ಗೆ ರೊಟ್ಟಿ ಬಡಿಯುತ್ತಾ ಅವರಿಗೆ ಊರ ಸುದ್ದಿ ಹೇಳುವುದು, ಪಲ್ಯಕ್ಕೆ ಉಪ್ಪು ಹೆಚ್ಚಾದರೆ ಅವರನ್ನೇ ಬೈಯುವುದು, ಹೀಗೆ ದಿನ ನೂಕಿದೆ. ಸಂಜೆಯಾದರೆ ಮಾತ್ರ ಸಂಕಟವಾಗುತ್ತಿತ್ತು. ಎಷ್ಟು ಬೈದರೂ ತಿರುಗಿ ಬೈಯುವವರಿಲ್ಲ.

ಆಷಾಢದಲ್ಲಿ ಮಳೆ ಹಿಡಿಯಿತು. ಅಡುಗೆಮನೆಯ ಗೋಡೆ ಮೊಣಕಾಲೆತ್ತರ ಒದ್ದೆಯಾಯಿತು, ಆಮೇಲೆ ಮೂಲೆಯಿಂದ ಬಿರುಕು ಬಿಟ್ಟಿತು. ಶ್ರಾವಣದ ಹೊತ್ತಿಗೆ ಅದರೊಳಗೆ ನನ್ನ ಹೆಬ್ಬೆರಳು ಹೋಗುತ್ತಿತ್ತು. ಹುಮನಾಬಾದಿನಿಂದ ಗಯಾಸುದ್ದೀನ್ ಮಿಸ್ತ್ರಿಯನ್ನು ಕರೆಸಿದೆ.

ಆ ಮನುಷ್ಯ ಬಿರುಕನ್ನು ಸರಿಯಾಗಿ ನೋಡಲೂ ಇಲ್ಲ. ಒಂದು ಕೊಡ ನೀರು ತಂದು ಹಿತ್ತಲ ನೆಲಕ್ಕೆ ಸುರಿದರು. ನೀರು ಗದ್ದುಗೆಯ ಕಟ್ಟೆಗೆ ಬಡಿದು, ಹಿಂದೆ ತಿರುಗಿ, ನನ್ನ ಗೋಡೆಯ ಬುಡಕ್ಕೆ ಬಂದು ನಿಂತಿತು.

“ನೋಡ್ರಿ ಅಕ್ಕಾ, ನಿಮ್ಮ ಪಾಯಾ ನೀರು ಕುಡ್ಯಾಕತ್ತದ. ಎರಿ ಮಣ್ಣು ಇದು. ಮಳಿಗೆ ಉಬ್ಬತದ, ಬಿಸಲಿಗೆ ಕುಗ್ಗತದ. ಗ್ವಾಡಿ ಹ್ಯಾಂಗ ನಿಂದರಬೇಕು?”

“ಈಗ ಏನ್ ಮಾಡಬೇಕ್ರಿ?”

“ಬುಡಕ್ಕ ಗಟ್ಟಿ ಮುರುಮ ಮಣ್ಣು ಹಾಕಿ, ಬಡದು, ಒಂದ್ ಗೇಣು ಎತ್ತರ ಮಾಡಬೇಕು. ಅಲ್ಲಿಂದ ಹತ್ತು ಫೂಟು ಇಳಿಜಾರು. ಆದ್ರ ಇಳಿದ ನೀರು ಹೊರಗ ಹೋಗಾಕ ದಾರಿ ಬೇಕಲ್ರಿ?”

ಎಡಕ್ಕೆ ಹಾಸುಬಂಡೆ. ನೇರಕ್ಕೆ ನಮ್ಮವರು. ಬಲಕ್ಕೆ ಸಂಜೀವನ ಹೊಲ. ಗದ್ದುಗೆ ತೆಗೆಯುವ ಮಾತನ್ನು ಮಿಸ್ತ್ರಿ ಎತ್ತಲಿಲ್ಲ. ಎತ್ತಿದ್ದರೆ ಅವರನ್ನು ಬಂದ ಬಸ್ಸಿಗೇ ಹತ್ತಿಸುತ್ತಿದ್ದೆ.

“ಬಾಜೂದವರ ಹೊಲದಾಗ ಮೊಳ ಅಗಲ ಕಾಲುವಿ ತೆಗದ್ರ ಮನಿ ಉಳೀತದ್ರಿ. ಇಲ್ಲಂದ್ರ ಈ ಗ್ವಾಡಿ ಮುಂದಿನ ಮಳಿ ನೋಡಂಗಿಲ್ಲ,” ಎಂದು ಹೇಳಿ ಹೋದರು.

ಎರಡು ದಿನ ಹಲ್ಲು ಕಚ್ಚಿ ಕುಳಿತೆ. ಮೂರನೆಯ ದಿನ ಗೋಡೆಯ ಗಾರೆ ಕಳಚಿ ಒಲೆಯ ಮೇಲೆ ಬಿತ್ತು. ಗೋಡೆ ಹೋದರೆ ಮನೆ ಬಿಡಬೇಕು. ಮನೆ ಬಿಟ್ಟರೆ ಅವರನ್ನೂ ಬಿಡಬೇಕು. ಸೆರಗು ಸಿಕ್ಕಿಸಿಕೊಂಡು ಬದುವಿನ ಕಡೆಗೆ ನಡೆದೆ.

ಸಂಜೀವ ಹೆಸರುಕಾಯಿ ಬಿಡಿಸುತ್ತಿದ್ದ. ನನ್ನನ್ನು ಕಂಡು ಎದ್ದು ನಿಂತ.

“ನೀ ಹೇಳಿದ್ದೇ ಖರೆ ಆತು, ಸಂಜೀವಾ. ಗ್ವಾಡಿ ಬೀಳಾಕತ್ತದ. ನಿನ್ನ ಹೊಲದಾಗ ಮೊಳ ಜಾಗಾ ಕೊಡು, ನೀರು ಬಿಡಬೇಕು.”

ಹಂಗಿಸುತ್ತಾನೆಂದು ಕಾದೆ. ಹಂಗಿಸಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ.

“ಮೊಳ ಯಾಕ್ರಿ, ಎರಡು ಮೊಳ ತಗೋರಿ,” ಎಂದ. ಆಮೇಲೆ ಕಾಲಿನಿಂದ ಮಣ್ಣು ಕೆದರುತ್ತಾ, “ವೈನಿ, ಕಾಲುವಿ ದಂಡಿ ಗುಂಟ ನಾ ಒಳಗ ಬರಬಹುದೇನ್ರಿ? ನಿಮ್ಮ ಬಾಗಲ ಮುಂದಿಂದ ಬರಂಗಿಲ್ಲ,” ಎಂದು ಕೇಳಿದ.

“ಎದಕ್ಕ?”

“ಅಣ್ಣನ ಕಡಿ.” ಗದ್ದುಗೆಯ ಕಡೆ ಕೈ ತೋರಿಸಿದ. “ನಿಮ್ಮ ಅಡಗಿಮನಿ ಹಿಂದ ಇಟ್ಟೀರಿ ಅವನಿಗಿ. ನಾ ಹ್ಯಾಂಗ ಬರ್ಲಿ? ಒಂಬತ್ತು ತಿಂಗಳಾತು, ಒಂದ್ ಹೂವು ಇಟ್ಟಿಲ್ರಿ ನಾ. ದಿನಾ ಈ ಬದುವಿನ ಮ್ಯಾಲೇ ನಿಂತು ಕೈ ಮುಗದು ಹೋಗ್ತೀನಿ.”

ಅಯ್ಯೋ ಶಿವನೇ! ಅವನು ಅಲ್ಲಿ ನಿಲ್ಲುವುದನ್ನು ಎಷ್ಟೋ ಸಲ ಕಂಡಿದ್ದೆ. ನನ್ನ ಗೋಡೆ ಬೀಳುವುದನ್ನು ನೋಡಲು ಬರುತ್ತಾನೆಂದುಕೊಂಡು ದಡಾರನೆ ಕದ ಹಾಕಿಕೊಳ್ಳುತ್ತಿದ್ದೆ.

ಅವನ ತೋಳು ಹಿಡಿದು ಬದು ದಾಟಿಸಿದೆ. ದಾಟಿದವನು ನನ್ನನ್ನು ಮರೆತೇ ಓಡಿದ. ಐವತ್ತರ ಗಂಡಸು ಗದ್ದುಗೆಗೆ ಹಣೆ ಹಚ್ಚಿ, “ಅಣ್ಣಾ, ತಡಾ ಆತು, ಅಣ್ಣಾ,” ಎಂದು ಬಿಕ್ಕಿ ಬಿಕ್ಕಿ ಅತ್ತ. ನನಗೆ ಹತ್ತಿರ ಹೋಗಲು ಮುಖವಿರಲಿಲ್ಲ. ಅವನು ಏಳುವವರೆಗೂ ಕೆಸರಿನಲ್ಲೇ ನಿಂತಿದ್ದೆ.